ಒಂದು ಮಾತೂ ಸೇರಿಸದೆ

ಬೇರೆಯವರ ಮಾತನ್ನು ಅರ್ಧದಲ್ಲೇ ಕಿತ್ತುಕೊಂಡು ನಾನೇ ಮುಗಿಸುವುದು ನನ್ನ ಚಾಳಿ. ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದಾಗ ಅಂಟಿಕೊಂಡದ್ದು. "ಹೃದಯದಲ್ಲಿ ಎಷ್ಟು ಕೋಣೆ? ನಾ…" ಎಂದು ನಾನು ರಾಗ ಎಳೆಯಬೇಕು, "…ಲ್ಕು!" ಎಂದು ಇಡೀ ಕ್ಲಾಸು ಕೂಗಬೇಕು. ಕೂಗದಿದ್ದರೆ ನಾನೇ ಕೂಗಿ ಮುಂದಕ್ಕೆ ಹೋಗುತ್ತಿದ್ದೆ. ಮನೆಯಲ್ಲೂ ಅದೇ ಕಥೆ. ನಮ್ಮವರು ಮೊಂಬಾಸಾ ರಸ್ತೆಯ ಒಂದು ಔಷಧಿ ಕಂಪನಿಯಲ್ಲಿ ಮ್ಯಾನೇಜರು. ಅವರ ಕೆಲಸದ ಬೆನ್ನು ಹತ್ತಿಯೇ ನಾವು ನೈರೋಬಿಗೆ ಬಂದದ್ದು. ಸಂಜೆ ಬಂದು "ಇವತ್ತು ಫ್ಯಾಕ್ಟರೀಲಿ…" ಎಂದು ಅವರು ಬಾಯಿ ತೆರೆದರೆ "ಕರೆಂಟ್ ಹೋಗಿತ್ತಾ?" ಎಂದು ನಾನು ಮುಗಿಸಿರುತ್ತೇನೆ. "ನಾನು ಹೇಳೋಕೆ ಹೊರಟಿದ್ದು ಅದಲ್ಲ ಕಣೇ," ಎನ್ನುತ್ತಾರೆ ಪಾಪ. ಮಗಳು ಇಲ್ಲೇ ಬೆಳೆದವಳು. ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ: "ಅಮ್ಮಾ, ಯು ಆರ್ ಡೂಯಿಂಗ್ ಇಟ್ ಅಗೇನ್!"

ಇಂಥ ಬಾಯಿಬಡಕಿಯನ್ನು ಆ ಕೆಲಸಕ್ಕೆ ಯಾಕೆ ಸೇರಿಸಿಕೊಂಡರೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಮಂಗಳೂರಿನವರೊಬ್ಬರಿದ್ದಾರೆ. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ, ಆಫೀಸಿನಲ್ಲಿ ಪ್ರಪಂಚದ ಎಲ್ಲ ಭಾಷೆ. ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯ ಕೆಲಸ. ಅವರು ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, "ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ಸಹಾಯ ಮಾಡ್ಲಿಕ್ಕೆ ಬೇರೆ ಬೇರೆ ದೇಶದವರೆಲ್ಲ ಸೇರಿ ಒಂದು ನೆಟ್‌ವರ್ಕ್ ಮಾಡ್ತಿದ್ದೇವೆ. ಬನ್ನಿ ಮಾರಾಯ್ರೆ, ಒಂದು ಗಂಟೆ ಅಷ್ಟೇ. ಊಟ ಉಂಟು," ಎಂದರು. ನೆಟ್‌ವರ್ಕ್ ಎಂಬ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ಒಬ್ಬರ ಕಾರ್ಡು ಒಬ್ಬರು ಇಸಿದುಕೊಂಡು ಸಮೋಸ ತಿಂದು ಎದ್ದು ಹೋಗುವುದಕ್ಕೆ ಆ ಹೆಸರು ಎಂದುಕೊಂಡಿದ್ದೆ. ಆದರೂ ಹೋದೆ. ಮಕ್ಕಳಿಗೆ ಪಾಠ ಹೇಳದೆ ನಾಲಿಗೆ ತುಕ್ಕು ಹಿಡಿಯುತ್ತಿತ್ತು.

ವೆಸ್ಟ್‌ಲ್ಯಾಂಡ್ಸ್‌ನ ಒಂದು ಹೋಟೆಲಿನ ಹಾಲು. ಟ್ರಾಫಿಕ್ಕಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನು ಏಳನೇ ಮಹಡಿಯವರೆಗೂ ಏರಿ ಬರುತ್ತಿತ್ತು. ಗೋಡೆಯ ಮೇಲೆ ಬ್ಯಾನರು, ಬ್ಯಾನರಿನ ಕೆಳಗೆ ಒಬ್ಬರಾದ ಮೇಲೊಬ್ಬರು ಎದ್ದು ನಿಂತು "ಅವರಿಗೆ ದನಿಯಾಗೋಣ, ಅವರ ಪರವಾಗಿ ಮಾತಾಡೋಣ" ಎನ್ನುತ್ತಿದ್ದರು. ಮೂಲೆಯ ಪರದೆಯ ಮೇಲೆ ಶುರುವಿನಿಂದ ಒಬ್ಬ ಹೆಂಗಸು ಸುಮ್ಮನೆ ಕೂತಿದ್ದರು. ಕಾಬೂಲಿನಲ್ಲಿ ಡಾಕ್ಟರಾಗಿದ್ದವರು, ಈಗ ದೆಹಲಿಯಲ್ಲಿ ತಮ್ಮ ದೇಶದ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ದುಭಾಷಿ. ಕೊನೆಗೆ ಯಾರಿಗೋ ಅವರ ನೆನಪು ಬಂತು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಕೇಳಿದರೆ ತಿಳಿಯುವಷ್ಟು. ಹಿಂದಿ ಬಲ್ಲವರು ಯಾರಿದ್ದೀರಿ ಎಂದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಅವರು ಹೇಳಿದ್ದು ಇಷ್ಟು: "ನಮ್ಮ ಪರವಾಗಿ ಮಾತಾಡೋಕೆ ಊರಲ್ಲಿ ಅಪ್ಪ ಇದ್ದಾರೆ, ಅಣ್ಣ ಇದ್ದಾನೆ, ಸರ್ಕಾರ ಇದೆ. ನೀವೂ ಅದನ್ನೇ ಮಾಡಿದ್ರೆ ಹೇಗೆ? ನಮಗೆ ದನಿ ಇದೆ. ಅದನ್ನ ದಾಟಿಸೋರು ಬೇಕು. ಒಂದು ಮಾತು ಸೇರಿಸಬೇಡಿ. ಒಂದು ಮಾತು ಬಿಡಬೇಡಿ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಕೊನೆಯಲ್ಲಿ ಹಿತವಾಗಿರಲಿ ಎಂದು ಒಂದು "ಪ್ಲೀಸ್" ಹಾಕಿದೆ. ಪರದೆಯ ಮೇಲಿನ ಹೆಂಗಸು ನನ್ನನ್ನೇ ನೋಡಿ, "ನಾನು ಪ್ಲೀಸ್ ಅನ್ನಲಿಲ್ಲ," ಎಂದರು.

ಅಬ್ಬಾ! ಕಿವಿಯೆಲ್ಲ ಬಿಸಿಯಾಯಿತು. ಸಿಟ್ಟೂ ಬಂತು, ನಗುವೂ ಬಂತು. ಊಟಕ್ಕೂ ನಿಲ್ಲದೆ ಮನೆಗೆ ಬಂದವಳು ಸಂಜೆಯೇ ಕೆಳಗಿನ ಮನೆಯ ಬಾಗಿಲು ತಟ್ಟಿ, "ಆ ಡಾಕ್ಟರಮ್ಮನ ನಂಬರ್ ಕೊಡಿ," ಎಂದೆ.

ಹಾಗೆ ನಾನು ಆ ಜಾಲದೊಳಗೆ ಹೋದೆ. ಒಳಗೆ ಹೋದ ಮೇಲೆ ತಿಳಿಯಿತು, ಅಲ್ಲಿ ಕಾರ್ಡು ಕೊಡುವವರು ಯಾರೂ ಇರಲಿಲ್ಲ. ಯಾವುದೋ ಊರಲ್ಲಿ ಒಬ್ಬಾಕೆ ಪಾಠ ಹೇಳುತ್ತಿದ್ದರು, ಇನ್ನೊಂದು ಊರಲ್ಲಿ ಒಬ್ಬಾಕೆ ವೀಸಾ ಕಚೇರಿಯ ಮುಂದೆ ಇವರಿಗಾಗಿ ಸರತಿಯಲ್ಲಿ ನಿಲ್ಲುತ್ತಿದ್ದರು, ಮತ್ತೊಂದರಲ್ಲಿ ಒಬ್ಬಾಕೆ ರಾತ್ರಿ ಬಂದವರಿಗೆ ಹಾಸಿಗೆ ಹಾಸುತ್ತಿದ್ದರು. ಒಬ್ಬರನ್ನೊಬ್ಬರು ನೋಡಿದವರಲ್ಲ. ಹೆಸರನ್ನೂ ಕೇಳುತ್ತಿರಲಿಲ್ಲ. ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿರುವುದಕ್ಕೆ ಆ ಪದ್ಧತಿಯೇ ಕಾರಣ. ಎಲ್ಲರಿಗೂ ಗೊತ್ತಿದ್ದ ನಿಯಮ ಒಂದೇ: ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸುವುದು. ಅತ್ತರೆ ಅತ್ತಳು ಎನ್ನಬೇಕು. ಬೈದರೆ ಬೈದದ್ದನ್ನೂ ಹೇಳಬೇಕು.

ನನ್ನ ಪಾಲಿಗೆ ಬಂದದ್ದು ಜೀವಶಾಸ್ತ್ರದ ಪಾಠ, ಅದೂ ಫೋನಿನಲ್ಲಿ, ಬರೀ ದನಿಯಲ್ಲಿ. ಕ್ಯಾಮೆರಾ ಯಾರೂ ಹಾಕುತ್ತಿರಲಿಲ್ಲ. ಆ ದನಿಗಳಲ್ಲಿ ಒಂದು ಸೂಲಗಿತ್ತಿಯ ತರಬೇತಿ ಪಡೆಯುತ್ತಿದ್ದ ಹುಡುಗಿಯದು. ಅರ್ಧ ಓದು ಮುಗಿದಿತ್ತಷ್ಟೇ, ಹೆಣ್ಣುಮಕ್ಕಳು ಆ ಓದನ್ನೂ ಓದಕೂಡದೆಂದು ಅಲ್ಲಿನ ಸರ್ಕಾರ ಅವಳ ಸಂಸ್ಥೆಯ ಬಾಗಿಲು ಹಾಕಿಸಿತು. ಅವಳ ಊರು ಆ ದೇಶದ ಒಂದು ಗಡಿಯ ಕಡೆ. ಅದಕ್ಕಿಂತ ಹೆಚ್ಚು ಹೇಳುವುದು ಬೇಡ. ಅವಳ ಚಿಕ್ಕಮ್ಮ ಗಡಿಗೆ ಇನ್ನೂ ಹತ್ತಿರದ ಪಟ್ಟಣದಲ್ಲಿ ಹಳೆಯ ಸೂಲಗಿತ್ತಿ. ಹುಡುಗಿ ಆಗಾಗ ಅಲ್ಲಿಗೆ ಹೋಗಿ ಅವರ ಚೀಲ ಹೊತ್ತುಕೊಂಡು ಹೆರಿಗೆಯ ಮನೆಗಳಿಗೆ ಹೋಗುತ್ತಿದ್ದಳು.

ನನ್ನನ್ನು "ಉಸ್ತಾದ್ ಜಾನ್" ಎನ್ನುತ್ತಿದ್ದಳು. ಅವರ ಕಡೆ ಟೀಚರನ್ನು ಪ್ರೀತಿಯಿಂದ ಕರೆಯುವ ರೀತಿ. ಅಯ್ಯೋ, ಆ ಹುಡುಗಿಯ ಪ್ರಶ್ನೆಗಳು! ಹೊಕ್ಕುಳಬಳ್ಳಿಯಲ್ಲಿ ನೋವಿನ ನರ ಯಾಕಿಲ್ಲ, ಹೆತ್ತ ಮೇಲೆ ಗರ್ಭಕೋಶಕ್ಕೆ ಕುಗ್ಗು ಎಂದು ಹೇಳುವವರು ಯಾರು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಯಾರೋ ಮಗುವನ್ನು ಗದರುತ್ತಿದ್ದರು, ಇವಳು ಮಾತ್ರ ಬಿಟ್ಟೂ ಬಿಡದೆ ಕೇಳುತ್ತಿದ್ದಳು. ನಮ್ಮ ಪಿಯುಸಿ ಮಕ್ಕಳು ಬೆಲ್ಲು ಹೊಡೆಯುವುದನ್ನೇ ಕಾಯುತ್ತಿದ್ದುದು ನೆನಪಾಗಿ ನಾನು ಪಾಠದ ಹೊತ್ತು ಮುಗಿದರೂ ಫೋನು ಇಡುತ್ತಿರಲಿಲ್ಲ.

ಕೆಳಗಿನ ಮನೆಯ ಮಂಗಳೂರಿನವರು ಹಟ ಹಿಡಿದು, ನೈರೋಬಿಯ ಒಂದು ಸೂಲಗಿತ್ತಿ ಕಾಲೇಜಿನಲ್ಲಿ ಇವಳಿಗೊಂದು ಸೀಟು ಕೇಳಿದರು. ಫೀಸಿಲ್ಲದ ಸೀಟು, ಒಂದೇ ಒಂದು. ಕಾಲೇಜಿನವರು ಒಪ್ಪಿದರು. ಆದರೆ ಹುಡುಗಿ ಇಂಟರ್ನೆಟ್ಟಿನಲ್ಲೇ ಮೌಖಿಕ ಪರೀಕ್ಷೆ ಪಾಸಾಗಬೇಕು, ಅದನ್ನು ಹೇಳಿದ ದಿನವೇ ಕೊಡಬೇಕು, ಇನ್ನೊಂದು ಅವಕಾಶ ಇಲ್ಲ. ಅತ್ತ ಹುಡುಗಿಯ ಅಪ್ಪ, "ಸೀಟು ಸಿಕ್ಕರೆ ನಾನೇ ಗಡಿ ದಾಟಿಸಿ ಬರ್ತೀನಿ. ಸಿಗದಿದ್ರೆ ಇನ್ನು ಮನೇಲಿ ಓದಿನ ಮಾತು ಎತ್ತಬೇಡ," ಎಂದಿದ್ದರಂತೆ. ಕೆಟ್ಟ ಮನುಷ್ಯನಲ್ಲ. ಮಗಳು ಆಸೆ ಪಡುವುದು, ಆಸೆ ಮುರಿಯುವುದು, ಇದನ್ನೇ ನೋಡಿ ನೋಡಿ ಸೋತಿದ್ದ ಮನುಷ್ಯ.

ನಾವಿಬ್ಬರೂ ತಯಾರಿ ನಡೆಸಿದೆವು. ಹೆರಿಗೆಯ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು ಎಂಬ ಪಾಠವನ್ನಂತೂ ಅರೆದು ಕುಡಿಸಿದ್ದೆ. ನನ್ನ ಊಟದ ಮೇಜಿನ ಮೇಲೆ ಟವೆಲ್ ಸುತ್ತಿಟ್ಟುಕೊಂಡು, ಪುಸ್ತಕ ನೋಡಿಕೊಂಡು, ನಾನೂ ಉಜ್ಜುತ್ತ ಅವಳಿಂದಲೂ ಹೇಳಿಸುತ್ತಿದ್ದೆ: ಜನರನ್ನು ಕೂಗಿ ಕರೆ, ಕೈಯನ್ನು ಹೊಟ್ಟೆಯ ಮೇಲಿಡು, ಗರ್ಭಕೋಶ ಗಟ್ಟಿಯಾಗುವವರೆಗೆ ಉಜ್ಜು. ಇಂಜೆಕ್ಷನ್ನು, ಡ್ರಿಪ್ಪು, ಎಲ್ಲ ಆಮೇಲೆ. ನಮ್ಮವರು ಟವೆಲನ್ನು ನೋಡಿ, "ಹೆರಿಗೆ ಆಯ್ತಾ? ಊಟ ಹಾಕ್ತೀಯಾ?" ಎಂದು ಕೇಳುತ್ತಿದ್ದರು.

ಪರೀಕ್ಷೆ ಶನಿವಾರ ಬೆಳಿಗ್ಗೆ. ಅದಕ್ಕೆ ಎರಡು ದಿನ ಮೊದಲು ಅವರ ಕಡೆ ಇಂಟರ್ನೆಟ್ಟೇ ನಿಂತುಹೋಯಿತು. ಒಬ್ಬರ ಮನೆಯದಲ್ಲ, ಊರಿಗೆ ಊರೇ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಕಾಲೇಜಿಗೆ ಫೋನು ಮಾಡಿ ದಿನ ಮುಂದೂಡಿ ಎಂದು ಕೇಳಿದೆ, ಆಗದೆಂದರು. ಯಾರನ್ನು ಬೈಯಬೇಕೋ ತಿಳಿಯದೆ ಮನೆಯಲ್ಲಿ ಎಲ್ಲರನ್ನೂ ಬೈದೆ.

ಶುಕ್ರವಾರ ಸಂಜೆ ದೆಹಲಿಯ ಡಾಕ್ಟರಮ್ಮ ಫೋನು ಮಾಡಿದರು. "ಚಿಕ್ಕಮ್ಮ ದಾರಿ ಹುಡುಕಿದ್ದಾರೆ," ಎಂದರು. ಹುಡುಗಿಯ ಮನೆಯಿಂದ ಚಿಕ್ಕಮ್ಮನಿಗೆ ಮಾಮೂಲಿ ಫೋನು ಕಷ್ಟಪಟ್ಟಾದರೂ ಹೋಗುತ್ತಿತ್ತು. ಚಿಕ್ಕಮ್ಮನ ಹತ್ತಿರ ಇನ್ನೊಂದು ಫೋನಿತ್ತು. ಮನೆಯ ಮಾಳಿಗೆ ಹತ್ತಿ ನಿಂತರೆ ಅದಕ್ಕೆ ಗಡಿಯಾಚೆಯ ದೇಶದ ಸಿಗ್ನಲ್ಲು ಸಿಗುತ್ತಿತ್ತು. ಒಂದು ಕಿವಿಗೆ ಹುಡುಗಿ, ಇನ್ನೊಂದು ಕಿವಿಗೆ ದೆಹಲಿ. ದೆಹಲಿಯಿಂದ ನನಗೆ, ನನ್ನಿಂದ ಕಾಲೇಜಿಗೆ. ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಚಿಕ್ಕಮ್ಮನಿಗೆ ತಮ್ಮ ದರಿ ಭಾಷೆ ಬಿಟ್ಟು ಬೇರೆ ಬರುತ್ತಿರಲಿಲ್ಲ. ಎರಡೂ ಫೋನನ್ನು ಒಂದರ ಬಾಯಿಗೊಂದು ಹಿಡಿದು ನೋಡಿದರಂತೆ, ಬರೀ ಗೊರಗೊರ. ಹಾಗಾಗಿ ಬಾಯಿಂದ ಬಾಯಿಗೇ ದಾಟಬೇಕಿತ್ತು.

"ನಿಯಮ ನೆನಪಿದೆಯಲ್ಲ?" ಎಂದರು ಡಾಕ್ಟರಮ್ಮ.

"ಪ್ಲೀಸ್ ಹಾಕಲ್ಲ," ಎಂದೆ. ಆ ಹೆಂಗಸು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಕಾಲೇಜಿಗೆ ಹೋದೆ. ಪರೀಕ್ಷೆ ನಡೆಸುವ ಮೇಡಂ ನನಗಿಂತ ಹಿರಿಯರು, ಎತ್ತರದ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಕೀನ್ಯಾದ ಎಷ್ಟೋ ಟೀಚರುಗಳ ಹಾಗೆ ಅವರೂ ನಡುವೆ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಿದ್ದರು. "ನಾವು ವಾರ್ಡಿಗೆ ಹೋಗೋ ಮೊದಲು ತೊಳೆಯೋದು ಏನು? ಕೈ. ಆಮೇಲೆ ಹಾಕ್ಕೊಳ್ಳೋದು ಏನು? ಗ್ಲೋವ್ಸ್." ಬಾಗಿಲಲ್ಲಿ ನಿಂತು ಅವರ ಪಾಠ ಕೇಳಿಸಿಕೊಂಡ ನನಗೆ, ಓಹೋ, ಇವರೂ ನಮ್ಮ ಪೈಕಿಯೇ ಎಂದು ಸಮಾಧಾನವಾಯಿತು. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ನಾನು ಏರ್ಪಾಡನ್ನು ವಿವರಿಸಿದ ಮೇಲೆ ಅವರು ಪೆನ್ನು ಕೆಳಗಿಟ್ಟರು.

"ಮೂರು ಬಾಯಿ ದಾಟಿ ಬರೋ ಉತ್ತರ ಯಾರದು ಅಂತ ನನಗೆ ಹೇಗೆ ಗೊತ್ತಾಗಬೇಕು, ಮ್ವಾಲಿಮು?" ಎಂದು ಕೇಳಿದರು. ಮ್ವಾಲಿಮು ಎಂದರೆ ಸ್ವಾಹಿಲಿಯಲ್ಲಿ ಟೀಚರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಊರಿಗೂರೇ ಬಾಗಿಲು ಹಾಕಿಸಿದ್ದಾರೆ ಮೇಡಂ, ಆ ಹುಡುಗಿ ಇನ್ನೇನು ಮಾಡಬೇಕು?" ಎಂದೆ.

"ಪೋಲೆ," ಎಂದರು, ಪಾಪ ಎನ್ನುವಂತೆ. "ನನಗೂ ಬೇಜಾರಿದೆ. ಆದ್ರೆ ನಾನು ಕೇಳಿದ್ದು ಅದಲ್ಲ. ನಾಳೆ ಹೆರಿಗೆ ಕೋಣೇಲಿ ಇರೋದು ಅವಳೊಬ್ಬಳೇ, ನೀವ್ಯಾರೂ ಇರಲ್ಲ. ಅವಳಿಗೆ ಏನು ಗೊತ್ತು ಅಂತ ನನಗೆ ಗೊತ್ತಾಗಬೇಕು." ನಾನು ಫೋನನ್ನು ಕಿವಿಗಿಟ್ಟುಕೊಂಡೇ ನಿಂತೆ. ಕೊನೆಗೆ ಅವರೇ, "ಸವಾ, ಆಯ್ತು, ಶುರು ಮಾಡಿ. ನಂಬೋದು ಬಿಡೋದು ಆಮೇಲೆ," ಎಂದರು.

ಮೊದಲ ಪ್ರಶ್ನೆ, ಯಾಕೆ ಸೂಲಗಿತ್ತಿಯಾಗಬೇಕು ಎಂಬುದು. ನಾನು ಅದನ್ನು ಹಿಂದಿಯಲ್ಲಿ ಫೋನಿಗೆ ಹೇಳಿದೆ. ಡಾಕ್ಟರಮ್ಮ ದರಿಯಲ್ಲಿ ಹೇಳುವುದು ಕೇಳಿಸಿತು. ಅದರಾಚೆ, ತುಂಬ ದೂರದಲ್ಲಿ, ಗಾಳಿಯ ಸದ್ದಿನ ನಡುವೆ ಒಬ್ಬ ವಯಸ್ಸಾದ ಹೆಂಗಸು ಮಾಳಿಗೆಯ ಮೇಲೆ ನಿಂತು ಅದನ್ನೇ ಕೂಗಿ ಹೇಳಿದರು. ಕಿಟಕಿಯಾಚೆ ಕಾಲೇಜಿನ ಮುಂದಿನ ರಸ್ತೆಯಲ್ಲಿ ಮಟಾಟು ಕಂಡಕ್ಟರು ಜನರನ್ನು ಕರೆಯುತ್ತಿದ್ದ. ನಮ್ಮ ಪ್ರಶ್ನೆ ಅಷ್ಟು ದೂರ ಹೋಗಿ ಒಂದು ಅಡುಗೆಮನೆ ಸೇರಿದೆ ಎಂದು ನೆನೆದು ನನಗೆ ಮೈ ಜುಮ್ಮೆಂದಿತು. ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು: "ಚಿಕ್ಕಮ್ಮನ ಜೊತೆ ಹೋಗ್ತೀನಿ. ಚಿಕ್ಕಮ್ಮನಿಗೆ ಕೋಪ ಜಾಸ್ತಿ, ಎಲ್ಲರನ್ನೂ ಬೈತಾರೆ. ಒಳಗೆ ಹೋಗುವಾಗ ಮನೆ ತುಂಬ ಹೆದರಿಕೆ ಇರುತ್ತೆ. ಹೊರಗೆ ಬರುವಾಗ ಮನೇಲಿ ಒಬ್ಬರು ಜಾಸ್ತಿ ಇರ್ತಾರೆ. ಅದಕ್ಕೇ." ತಮಗೆ ಕೋಪ ಜಾಸ್ತಿ ಎಂಬುದನ್ನು ಆ ಚಿಕ್ಕಮ್ಮ ತಾವೇ ಮಾಳಿಗೆಯ ಮೇಲಿಂದ ಕೂಗಿ ಹೇಳಿದ್ದರು. ಒಂದು ಮಾತೂ ಬಿಟ್ಟಿರಲಿಲ್ಲ.

ಮೇಡಂ ನಗಲಿಲ್ಲ. ಮುಂದಿನ ಪ್ರಶ್ನೆ ಹಾಕಿದರು. "ಹೆರಿಗೆ ಆಯಿತು, ಮಾಸೂ ಪೂರ್ತಿ ಹೊರಬಿತ್ತು, ಆದರೆ ರಕ್ತ ನಿಲ್ಲುತ್ತಿಲ್ಲ. ಸಹಾಯಕ್ಕೆ ಕೂಗಿದ್ದೀಯ, ಇನ್ನೂ ಯಾರೂ ಬಂದಿಲ್ಲ. ಮೊಟ್ಟಮೊದಲು ಏನು ಮಾಡ್ತೀಯ?"

ನನಗೆ ಕುಣಿಯುವಷ್ಟು ಖುಷಿ. ಅರೆದು ಕುಡಿಸಿದ ಪ್ರಶ್ನೆಯೇ ಬಂದಿತ್ತು! ಪ್ರಶ್ನೆ ಹೋಯಿತು. ಕಾದೆವು. ದೂರದಲ್ಲಿ ಚಿಕ್ಕಮ್ಮನ ದನಿ ಬಂತು, ಈ ಸಲ ಯಾಕೋ ಮೆಲ್ಲಗೆ. ಡಾಕ್ಟರಮ್ಮ ಕೂಡಲೇ ಹೇಳಲಿಲ್ಲ. ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಏರಿಳಿತವೇ ಇಲ್ಲದ ದನಿಯಲ್ಲಿ ಹೇಳಿದರು: "ಡ್ರಿಪ್ ಹಾಕ್ತೀನಿ."

ಕತ್ತೆ, ಕತ್ತೆ ಕಣೇ ನೀನು! ಕೈ ಎಲ್ಲಿ ಹೋಯಿತು? ಆ ಟವೆಲನ್ನು ಎಷ್ಟು ಉಜ್ಜಿದ್ದೆವು!

ಮೇಡಂ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಹಿಂದಿ ಬರುತ್ತಿದ್ದದ್ದು ನನಗೊಬ್ಬಳಿಗೆ. "ಕೈ" ಎನ್ನುವುದು ಎಷ್ಟು ಸಣ್ಣ ಮಾತು. ಅಂದುಬಿಟ್ಟರೆ ಮುಗಿಯಿತು. ಒಂದು ಹುಡುಗಿ ಬದುಕಿಕೊಳ್ಳುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಬೇಡದ ಕಡೆಯೆಲ್ಲ ಬೇರೆಯವರ ವಾಕ್ಯ ಮುಗಿಸಿಕೊಂಡು ಬಂದ ಈ ನಾಲಿಗೆಗೆ, ನಿಜವಾಗಿ ಬೇಕಾದ ಹೊತ್ತಿನಲ್ಲಿ ಸುಮ್ಮನಿರು ಎಂದರೆ ಹೇಗಿರುತ್ತದೆ? ಆಗ ನನಗೆ ಹೊಳೆಯಿತು. ಆ ಚಿಕ್ಕಮ್ಮ ಎಷ್ಟೋ ಮನೆಗಳಲ್ಲಿ ಅದೇ ಕೈಯಿಂದ ರಕ್ತ ನಿಲ್ಲಿಸಿದವರು. ತಮ್ಮ ಅಕ್ಕನ ಮಗಳು ತಪ್ಪು ಹೇಳುತ್ತಿದ್ದಾಳೆಂದು ಅವರಿಗೆ ಗೊತ್ತಾಗಿತ್ತು. ಆದರೂ ದಾಟಿಸಿದರು. ಡಾಕ್ಟರಮ್ಮನಿಗೂ ಗೊತ್ತಾಗಿತ್ತು. ಅವರೂ ದಾಟಿಸಿದರು. ಇನ್ನು ಉಳಿದಿದ್ದವಳು ನಾನು.

"ಡ್ರಿಪ್ ಹಾಕ್ತೀನಿ ಅಂತಿದ್ದಾಳೆ," ಎಂದೆ.

"ಇಷ್ಟೇನಾ?"

"ಇಷ್ಟೇ." ನನ್ನ ಕಣ್ಣು ತುಂಬಿತ್ತು.

ಮೇಡಂ ಕನ್ನಡಕ ತೆಗೆದರು. "ನೀವೇ ಅಲ್ವಾ ಇವಳಿಗೆ ಪಾಠ ಹೇಳಿದ್ದು? ನಡುವೆ ಇರೋರು ಯಾರು?"

"ಒಬ್ಬರು ಸೂಲಗಿತ್ತಿ. ಒಬ್ಬರು ಡಾಕ್ಟರು."

"ಮೂರು ಜನಕ್ಕೂ ಗೊತ್ತಿತ್ತಾ, ಇದು ಮೊದಲು ಮಾಡೋ ಕೆಲಸ ಅಲ್ಲ ಅಂತ?"

"ಗೊತ್ತಿತ್ತು ಮೇಡಂ."

"ಮತ್ಯಾಕೆ ಯಾರೂ ಸರಿ ಮಾಡಲಿಲ್ಲ?"

"ಉತ್ತರ ಅವಳದು," ಎಂದೆ. ಬೇರೆ ಏನು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ. ನನ್ನ ಮಗಳು ಅಲ್ಲಿದ್ದಿದ್ದರೆ ನಂಬುತ್ತಿರಲಿಲ್ಲ.

ಮೇಡಂ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಇಲ್ಲಿ ಯಾರ ಮಾತು ಕೇಳಿಸ್ತಿದೆ ಅಂತ ನನಗೀಗ ಗೊತ್ತಾಯ್ತು," ಎಂದರು. "ಅವಳನ್ನೇ ಕೇಳಿ. ಡ್ರಿಪ್ ಯಾಕೆ?"

ಕೇಳಿದೆ. ಈ ಸಲ ಉತ್ತರ ತಡೆದು ತಡೆದು ಬಂತು. "ನಮ್ಮ ಕಡೆ ಮನೆಗಳಲ್ಲಿ ಡ್ರಿಪ್ ಇಲ್ಲ. ಚಿಕ್ಕಮ್ಮ ಹೊಟ್ಟೆ ಮೇಲೆ ಕೈಯಿಟ್ಟು ಉಜ್ಜಿ ಉಜ್ಜಿ ರಕ್ತ ನಿಲ್ಲಿಸ್ತಾರೆ. ನಾನೂ ಉಜ್ಜಿದ್ದೀನಿ. ಆದ್ರೆ ನೈರೋಬಿ ದೊಡ್ಡ ಊರು, ಅಲ್ಲಿ ದೊಡ್ಡ ದೊಡ್ಡ ಆಸ್ಪತ್ರೆ ಇದೆ. ಬರೀ ಕೈ ಅಂದ್ರೆ ಇವಳೇನೂ ಓದಿಲ್ಲ ಅಂದ್ಕೊಳ್ತಾರೆ ಅಂತ ಹೆದರಿದೆ. ಪುಸ್ತಕದಲ್ಲೂ ಕೈಯೇ ಮೊದಲು ಅಂತ ಉಸ್ತಾದ್ ಜಾನ್ ಹೇಳಿಕೊಟ್ಟಿದ್ರು. ನಾನು ನಂಬಲಿಲ್ಲ. ನನಗೆ ಸಮಾಧಾನ ಆಗಲಿ ಅಂತ ಹೇಳ್ತಿದ್ದಾರೆ ಅಂದ್ಕೊಂಡೆ."

ನನ್ನ ಮೇಲಿನ ಆ ದೂರನ್ನೂ ನಾನೇ ಅಕ್ಷರ ಬಿಡದೆ ಮೇಡಂಗೆ ಹೇಳಿದೆ. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಮೆಲ್ಲಗೆ ಸುತ್ತಿಸುತ್ತಿದ್ದರು. ತಾವು ಹಾಗೆ ಮಾಡುತ್ತಿರುವುದು ಅವರಿಗೇ ಗೊತ್ತಿರಲಿಲ್ಲವೇನೋ.

"ಅವಳಿಗೆ ಹೇಳಿ," ಎಂದರು. "ನಾನೂ ಕರೆಂಟಿಲ್ಲದ ಊರಲ್ಲಿ ಕೆಲಸ ಕಲಿತವಳು. ಇಲ್ಲಿ ಎಂಥ ಆಸ್ಪತ್ರೆ ಇದ್ರೂ, ರಕ್ತ ಹೋಗ್ತಾ ಇರುವಾಗ ನಾವು ಮೊದಲು ಇಡೋದು ಏನು?"

ಅಷ್ಟು ಹೇಳಿ ನಿಲ್ಲಿಸಿಬಿಟ್ಟರು. ಎಲ್ಲ ಪ್ರಶ್ನೆಗೂ ತಾವೇ ಉತ್ತರ ಹೇಳಿಕೊಳ್ಳುವ ಆ ಹೆಂಗಸು ತುಟಿ ಬಿಗಿಹಿಡಿದು ಕೂತರು. ನಾನು ಆ ಅರ್ಧ ಮಾತನ್ನು ಅರ್ಧವಾಗಿಯೇ ದೆಹಲಿಗೆ ಕೊಟ್ಟೆ. ದೆಹಲಿ ಮಾಳಿಗೆಗೆ ಕೊಟ್ಟಿತು. ಮಾಳಿಗೆಯಿಂದ ಅದು ಅಡುಗೆಮನೆಗೆ ಹೋಯಿತು. ಉತ್ತರ ಗೊತ್ತಿದ್ದ ನಾಲ್ವರು ಹೆಂಗಸರು, ಬೇರೆ ಬೇರೆ ಕಡೆ, ಒಬ್ಬರೂ ಬಾಯಿ ಬಿಡದೆ ಆ ಐದನೆಯವಳಿಗಾಗಿ ಕಾದೆವು. ಅಂಥ ಮೌನವನ್ನು ನಾನು ಯಾವ ದೇವಸ್ಥಾನದಲ್ಲೂ ಕಂಡಿಲ್ಲ. ಜಾಲ ಎಂದರೆ ಇದು ಎಂದು ಆಗ ಅನ್ನಿಸಿತು. ನನಗೆ ಒಂಥರಾ ಭಯಭಕ್ತಿಯೇ ಬಂತು.

ಮೊದಲು ಗಾಳಿಯೊಳಗಿಂದ ಚಿಕ್ಕಮ್ಮನ ಕೂಗು ಬಂತು. ಆಮೇಲೆ ಡಾಕ್ಟರಮ್ಮನ ದನಿ, ಈ ಸಲ ನಡುಗುತ್ತ. ಕೊನೆಗೆ ನಾನು.

"ಕೈ," ಎಂದೆ.

"ಬರೋಕೆ ಹೇಳಿ," ಎಂದರು ಮೇಡಂ.

ಅದನ್ನು ದಾಟಿಸಿದ ಮೇಲೆ ಎಷ್ಟು ಕಾದರೂ ಏನೂ ಬರಲಿಲ್ಲ. ಲೈನು ಹೋಯಿತೇನೋ ಎಂದು ಹೆದರಿದೆ. ಆಮೇಲೆ ಡಾಕ್ಟರಮ್ಮ ಹೇಳಿದರು: "ಅವಳು ಅಳ್ತಿದ್ದಾಳೆ. ಚಿಕ್ಕಮ್ಮ ಬೈತಿದ್ದಾರೆ, ಅಳಬೇಡ, ಬ್ಯಾಟರಿ ಮುಗಿಯುತ್ತೆ ಅಂತ." ಅದನ್ನೂ ಹಾಗೆಯೇ ಮೇಡಂಗೆ ಹೇಳಿದೆ. ಆಗ ಅವರು ನಕ್ಕರು.

ಇಂಟರ್ನೆಟ್ಟು ಆಮೇಲೆ ವಾಪಸು ಬಂತು. ಅಪ್ಪ ಮಾತಿಗೆ ತಪ್ಪಲಿಲ್ಲ. ಅವಳು ಯಾವ ದಾರಿಯಲ್ಲಿ ಬಂದಳು, ಎಲ್ಲೆಲ್ಲಿ ತಂಗಿದಳು ಎಂಬುದನ್ನು ಬರೆಯುವ ಹಾಗಿಲ್ಲ. ಆ ದಾರಿಯಲ್ಲಿ ಇನ್ನೂ ಬರುವವರಿದ್ದಾರೆ. ಪ್ರತಿ ಊರಿನಲ್ಲೂ ಅವಳಿಗಾಗಿ ಯಾರೋ ಒಬ್ಬಾಕೆ ಎದ್ದು ಕಾದಿದ್ದರು ಎಂದಷ್ಟೇ ಹೇಳಬಲ್ಲೆ. ನೈರೋಬಿ ವಿಮಾನ ನಿಲ್ದಾಣದಲ್ಲಿ ಕಾದವಳು ನಾನು. ಅವಳು "ಉಸ್ತಾದ್ ಜಾನ್" ಎಂದಾಗಲೇ ಗುರುತು ಸಿಕ್ಕಿದ್ದು, ಮುಖ ಅದುವರೆಗೆ ನೋಡಿರಲಿಲ್ಲವಲ್ಲ. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಸಾರು ಉಂಡು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಹಾಕಿಸಿಕೊಂಡಳು. ನಮ್ಮವರು "ಇವತ್ತು ಫ್ಯಾಕ್ಟರೀಲಿ…" ಎಂದು ಶುರು ಮಾಡಿ, ಅಭ್ಯಾಸಬಲದಿಂದ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಮುಂದೇನು ಹೇಳಬೇಕೆಂದು ಅವರಿಗೇ ಮರೆತುಹೋಯಿತು.

ಮರುದಿನ ಬೆಳಿಗ್ಗೆ ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಕಾವಲಿಗಿದ್ದ ಅಸ್ಕಾರಿ ನಮ್ಮನ್ನು ತಡೆದ. ಒಳ್ಳೆಯ ಮನುಷ್ಯ, ನಗುನಗುತ್ತಲೇ ಕೇಳಿದ. ಆದರೆ ಅವಳನ್ನು ಬೆರಳು ಮಾಡಿ ತೋರಿಸಿ, ನನ್ನನ್ನು ನೋಡಿ, ಇಲ್ಲಿಯವರು ಅಮ್ಮ ಎನ್ನುವ ಹಾಗೆ ಕರೆದು ಕೇಳಿದ: "ಮಾಮಾ, ಇವಳು ಯಾರು? ಇಲ್ಲಿ ಏನು ಕೆಲಸ?"

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೆಸರು, ಊರು, ಕೋರ್ಸು, ಮೇಡಂ, ಎಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಬ್ಯಾಗನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ.

ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ ತನ್ನ ಹೆಸರು ಹೇಳಿದಳು.

ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬೇಕಾದವಳು ಅವಳು, ಹೇಳಿಯಾಗಿದೆ.